ಪಿಜಿ ಊಟ ಅಲ್ಲ, ಗೆಡ್ಡೆ

ಈ ಕ್ಲಿಪ್ ಅಕ್ಕನ ಮದುವೆಯ ಹಿಂದಿನ ದಿನದ್ದು. ಸೀರೆ ನೆರಿಗೆ ಸಾಲದೆ ಪರದಾಡುತ್ತಿರುವುದು ನಾನೇ. ಹಿಂದೆ ಕೇಳಿಸುತ್ತಿರುವುದು ಅತ್ತೆಯ ದನಿ: "ಏನೇ, ಬೆಂಗಳೂರಿನ ಪಿಜಿ ಊಟ ಚೆನ್ನಾಗಿ ಹಿಡಿಸಿದೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದ ಮನೆ ಆಂಟಿ ಅಮ್ಮನನ್ನು ಮೂಲೆಗೆ ಕರೆದು ಬೇರೇನೋ ಕೇಳಿದರಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಆಗ ನನಗೆ 23. ಕೈಕಾಲು ಸಣ್ಣಗಾಗಿದ್ದವು, ಹೊಟ್ಟೆ ಮಾತ್ರ ಮುಂದೆ. ಎರಡು ತುತ್ತಿಗೇ ಹೊಟ್ಟೆ ಬಿಗಿ. ಗಂಟೆಗೊಮ್ಮೆ ಬಾತ್‌ರೂಮ್. ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿಯುತ್ತಿದ್ದೆ. ಮುಟ್ಟು ಸರಿಯಾಗಿಯೇ ಆಗುತ್ತಿತ್ತು, ಹಾಗಾಗಿ ಅಂಡಾಶಯದ ಯೋಚನೆಯೇ ಬರಲಿಲ್ಲ. ಬಂದಿದ್ದರೂ, ಮದುವೆಯಾಗದ ಹುಡುಗಿ ಹೆರಿಗೆ ಡಾಕ್ಟರ ಹತ್ತಿರ ಹೋದರೆ ಊರಲ್ಲಿ ಏನನ್ನುತ್ತಾರೆ ಅಂತ ನಿಮಗೂ ಗೊತ್ತಲ್ವಾ.

ಮದುವೆ ಮುಗಿದ ಎರಡನೇ ರಾತ್ರಿ. ಮಗ್ಗುಲು ಬದಲಿಸಿದೆ, ಅಷ್ಟೇ. ಬಲಗಡೆ ಕೆಳಹೊಟ್ಟೆಯಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು, ವಾಂತಿ. ಮೊದಲು ಹೋದ ಕಡೆ ಅಸಿಡಿಟಿ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಾರನೇ ದಿನ ಮಧ್ಯಾಹ್ನ ಇನ್ನೊಂದು ಕಡೆ ಸ್ಕ್ಯಾನ್. ಅಲ್ಲಿಯ ಡಾಕ್ಟರ್ ಸ್ಕ್ರೀನ್ ನೋಡುತ್ತಾ ಮಾತು ನಿಲ್ಲಿಸಿಬಿಟ್ಟರು. ಬಲಗಡೆ ಅಂಡಾಶಯದಲ್ಲಿ 17 ಸೆಂಟಿಮೀಟರ್ ಗೆಡ್ಡೆ. ಅಂಡಾಶಯ ಇರುವುದೇ 3 ಸೆಂಟಿಮೀಟರ್ ಆಸುಪಾಸು!

ಗೆಡ್ಡೆಯ ಭಾರಕ್ಕೆ ಅಂಡಾಶಯ ಬುಡದಲ್ಲೇ ತಿರುಚಿಕೊಂಡಿತ್ತು. ಟಾರ್ಷನ್ ಅನ್ನುತ್ತಾರೆ. ತಿರುಚಿದರೆ ರಕ್ತ ಹರಿಯುವುದು ನಿಲ್ಲುತ್ತದೆ. ಬೇಗ ಬಿಡಿಸಿದರೆ, ಕಪ್ಪಾಗಿದ್ದರೂ ಎಷ್ಟೋ ಸಲ ಅಂಡಾಶಯ ಚೇತರಿಸಿಕೊಳ್ಳುತ್ತದಂತೆ. ನನ್ನದು ಉಳಿಯಲಿಲ್ಲ. ಆ ಅಸಿಡಿಟಿ ಇಂಜೆಕ್ಷನ್ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಒಳಗಿದ್ದದ್ದು ಏನು ಗೊತ್ತಾ? ಜಿಡ್ಡು, ಕೂದಲು, ಒಂದು ಹಲ್ಲು. ಇಂಥ ಗೆಡ್ಡೆಗೆ ಡರ್ಮಾಯ್ಡ್ ಅನ್ನುತ್ತಾರೆ. ಅಮ್ಮ ದೃಷ್ಟಿ ತೆಗೆಯಲು ಹೊರಟಿದ್ದರು. ಮಾಟವೂ ಅಲ್ಲ, ಮಗುವೂ ಅಲ್ಲ. ಅಂಡಾಣು ಆಗಬೇಕಿದ್ದ ಕಣ ದಾರಿ ತಪ್ಪಿ ಚರ್ಮ, ಕೂದಲು ಅಂತ ಬೆಳೆದುಬಿಡುತ್ತದೆ. ಹರೆಯದವರಲ್ಲಿ ಇದು ಮಾಮೂಲಿ, ಇಷ್ಟು ದೊಡ್ಡದಾಗುವುದು ಅಪರೂಪ. ಕ್ಯಾನ್ಸರ್ ಆಗುವುದು ನೂರರಲ್ಲಿ ಒಂದೆರಡು. ಆದರೂ ಬಯಾಪ್ಸಿ ರಿಪೋರ್ಟ್ ಬರುವವರೆಗೆ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಒಳಗೇ ಒಡೆದರೆ ಜಿಡ್ಡು ಹೊಟ್ಟೆಯೆಲ್ಲ ಹರಡಿ ಉರಿಯೂತ ಆಗುತ್ತದೆ. ಅದಕ್ಕೇ ಉದ್ದಕ್ಕೆ ಕೊಯ್ದು ಇಡಿಯಾಗಿ ತೆಗೆದರು. ಗಾಯದ ಗುರುತು ತೋರಿಸಲ್ಲ, ಬೈಬೇಡಿ.

ಎಡಗಡೆಯದು ಚೆನ್ನಾಗಿದೆ. ಮುಟ್ಟು ಮತ್ತೆ ಶುರುವಾಗಿದೆ. ಆ ಕಡೆಯೂ ಡರ್ಮಾಯ್ಡ್ ಬರಬಹುದು ಅಂತ ಆಗಾಗ ಸ್ಕ್ಯಾನ್. ಈಗಲೂ ಅಲ್ಲೇ ಕೂತಿದ್ದೇನೆ, ಒಂದು ಲೀಟರ್ ನೀರು ಕುಡಿದು. ನನ್ನ ಟೋಕನ್ 14. ಒಳಗೆ ಹೋಗಿರುವುದು 9.