ಹಳೆ ಕಾರಿನ ಹೊಗೆ ಪೈಪುಗಳನ್ನು ಬಿಚ್ಚಿ ಬಿಸಾಕುವ ಮುಂಚೆ

ಕೇಳುಗರಿಗೆ ನಮಸ್ಕಾರ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಳೆ ಕಾರೊಂದು ಉಳಿದುಕೊಂಡಿದೆ. ಅದನ್ನು ಮತ್ತೆ ರಸ್ತೆಗಿಳಿಸೋಣ ಅಂತ ಬಾನೆಟ್ ಎತ್ತಿದರೆ ಸಾಕು, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. 'ಹೊಗೆ ಕಮ್ಮಿ ಮಾಡೋಕೆ ಹಾಕಿರೋ ಈ ಪೈಪು, ವಾಲ್ವು ಎಲ್ಲ ವೇಸ್ಟ್ ಸಾರ್, ಬಿಚ್ಚಿ ಬಿಸಾಕಿ, ಆಮೇಲೆ ಪಿಕಪ್ ನೋಡಿ.' ದಯವಿಟ್ಟು ಬಿಸಾಕಬೇಡಿ. ಯಾಕೆ ಅಂತ ಹೇಳುತ್ತೇನೆ.

1960ರ ದಶಕದ ಅಂಬಾಸಿಡರ್ ಇದ್ದರೆ ಬಿಚ್ಚುವುದಕ್ಕೆ ಅಂಥದ್ದೇನೂ ಇಲ್ಲ. ಈ ಮಾತು ಬರುವುದು 1970-80ರ ದಶಕದ ಅಮೆರಿಕದ, ಜಪಾನಿನ ಕಾರುಗಳಿಗೆ, ಆಮೇಲೆ ನಮ್ಮಲ್ಲೇ 1990ರ ದಶಕದಲ್ಲಿ ಬಂದ ಕಾರ್ಬುರೇಟರ್ ಕಾರುಗಳಿಗೆ.

ಮೊದಲು ಪಿಸಿವಿ ವಾಲ್ವ್. ಇಂಜಿನ್ ತಲೆಯ ಮೇಲಿನ ಮುಚ್ಚಳದಿಂದ (ಟ್ಯಾಪೆಟ್ ಕವರ್), ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಹೋಗುವ ಕೊಳವೆಗೆ (ಇನ್‌ಟೇಕ್ ಮ್ಯಾನಿಫೋಲ್ಡ್) ಹೋಗುವ ರಬ್ಬರ್ ಪೈಪಿನ ತುದಿಯಲ್ಲಿ ಇರುತ್ತದೆ. ಪಿಸ್ಟನ್ ರಿಂಗ್ ದಾಟಿ ಕೆಳಗೆ ನುಸುಳಿದ ಗ್ಯಾಸನ್ನು ಇಂಜಿನ್ ಮತ್ತೆ ಎಳೆದುಕೊಂಡು ಸುಡುವುದು ಈ ದಾರಿಯಲ್ಲೇ. ಆ ಗ್ಯಾಸಿನಲ್ಲಿ ಸುಡದ ಪೆಟ್ರೋಲ್ ಇರುತ್ತದೆ, ನೀರಿನ ಆವಿಯೂ ಇರುತ್ತದೆ. ಈ ದಾರಿ ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಾಗಿ ಸೀಲುಗಳಿಂದ ಆಯಿಲ್ ಸೋರುತ್ತದೆ. ನಮ್ಮ ಕಡೆ ಇನ್ನೊಂದು ಕಷ್ಟ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ನಾಲ್ಕು ಮೈಲಿ ಓಡಾಡುವ ಕಾರಿನ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಆ ನೀರಿನಂಶ ಆಯಿಲಿನಲ್ಲೇ ಉಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ, ಒಳಗೆ ಹಾಲು ಕಾಫಿ ಬಣ್ಣದ ಲೋಳೆ ಕೂತಿರುತ್ತದೆ. ವಾಲ್ವ್ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ಟಕಟಕ ಅಂದರೆ ಸರಿ ಇದೆ. ಸದ್ದಿಲ್ಲದಿದ್ದರೆ ಕಟ್ಟಿಕೊಂಡಿದೆ, ಹೊಸದು ಹಾಕಿ.

ಇಜಿಆರ್ ವಾಲ್ವ್ ಮೇಲೆ ಜನರಿಗೆ ಇನ್ನೂ ಸಿಟ್ಟು. ಸುಟ್ಟ ಹೊಗೆಯನ್ನೇ ಸ್ವಲ್ಪ ಸಿಲಿಂಡರಿಗೆ ವಾಪಸ್ ಕಳಿಸಿ ಅಲ್ಲಿನ ಕಾವು ಇಳಿಸುವುದು ಇದರ ಕೆಲಸ, ಅದರಿಂದ ನೈಟ್ರೋಜನ್ ಆಕ್ಸೈಡ್ ಕಮ್ಮಿಯಾಗುತ್ತದೆ. ಆದರೆ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುತ್ತಿರುವಾಗ, ಇದು ಮುಚ್ಚಿರುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಹಾಗಿದ್ದ ಮೇಲೆ ಹುಲಿಕಲ್ ಘಾಟಿ ಹತ್ತುವಾಗ ಇದನ್ನು ತೆಗೆದು ಯಾವ ಪಿಕಪ್ ಸಿಗಬೇಕು? ಸಿಗುವುದು ನಾಕಿಂಗ್, ಅಂದರೆ ಇಂಜಿನ್ ಒಳಗಿನ ಟಣಟಣ ಬಡಿತ, ಯಾಕೆಂದರೆ ಕಂಪನಿಯವರು ಪ್ಲಗ್ ಕಿಡಿ ಹಾರುವ ಟೈಮಿಂಗ್ ಇಟ್ಟಿದ್ದೇ ಈ ವಾಲ್ವ್ ಇದೆ ಅಂತ ಲೆಕ್ಕ ಹಾಕಿ. ಕರಿ ಕಟ್ಟಿ ತೆರೆದೇ ನಿಂತಿದ್ದರೆ ಐಡ್ಲಿಂಗ್ ಕೆಡುತ್ತದೆ ನಿಜ. ಬಿಚ್ಚಿ ಕರಿ ಕೆರೆದು ಮತ್ತೆ ಹಾಕಿ.

ಇದ್ದಿಲು ತುಂಬಿದ ಕ್ಯಾನಿಸ್ಟರ್ ಬಗ್ಗೆ ನನಗೆ ನಿಜವಾಗಲೂ ಭಯ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಟ್ಟು ಇಂಜಿನ್ನಿಗೆ ಕೊಡುವ ಡಬ್ಬಿ ಅದು. ಅದನ್ನು ಕಿತ್ತರೆ ಆವಿ ಶೆಡ್ಡಿನೊಳಗೇ ಉಳಿಯುತ್ತದೆ, ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ. ನಮ್ಮ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಬಚ್ಚಲ ಒಲೆ ಉರಿಯುತ್ತಿರುತ್ತದೆ, ಅಲ್ವಾ?

ಇನ್ನು ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ವಿಷಾನಿಲ ಕಮ್ಮಿ ಮಾಡುವ ಡಬ್ಬಿ. 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನಲ್ಲಿ ಸೀಸವಿಲ್ಲದ ಪೆಟ್ರೋಲ್ ಜೊತೆಗೇ ಇದೂ ಬಂತು. ಸೀಸ ಬಿದ್ದರೆ ಕನ್ವರ್ಟರ್ ಕೆಲಸಕ್ಕೆ ಬಾರದು, ಅದಕ್ಕೆ. 2000ದ ಹೊತ್ತಿಗೆ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಕನ್ವರ್ಟರ್ ಕಟ್ಟಿಕೊಂಡರೆ ಕಾರು ಎಳೆಯುವುದಿಲ್ಲ. ಆಗ ಹೊಸದು ಹಾಕಿಸಿ, ಆದರೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಸರಿ ಮಾಡದೆ ಹಾಕಿಸಿದರೆ ಅದೂ ಹಾಳಾಗುತ್ತದೆ.

ಹೆಚ್ಚಿನ ಹಳೆ ಕಾರುಗಳಲ್ಲಿ ತಪ್ಪು ಈ ಉಪಕರಣಗಳದ್ದಲ್ಲ, ಇಂಜಿನ್ ಎಳೆತವನ್ನು ಅವಕ್ಕೆ ಮುಟ್ಟಿಸುವ ಸಣ್ಣ ವ್ಯಾಕ್ಯೂಮ್ ಪೈಪುಗಳದ್ದು. ಒಣಗಿ ಸೀಳಿರುತ್ತವೆ, ಇಲಿ ಕಡಿದಿರುತ್ತದೆ. ಅಲ್ಲಿಂದ ಗಾಳಿ ನುಗ್ಗಿದರೆ ಐಡ್ಲಿಂಗ್ ನಿಲ್ಲುವುದಿಲ್ಲ, ಬೈಗುಳ ಮಾತ್ರ ವಾಲ್ವಿಗೆ. ಇಂಜಿನ್ ಓಡುತ್ತಿರುವಾಗ ಫ್ಯಾನ್ ಬೆಲ್ಟಿನಿಂದ ಕೈ ದೂರ ಇಟ್ಟು ಒಂದೊಂದೇ ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿ. ಯಾವುದನ್ನು ಅದುಮಿದಾಗ ಐಡ್ಲಿಂಗ್ ಸರಿಹೋಗುತ್ತದೋ ಸೋರಿಕೆ ಆ ಕಡೆಯೇ. ಶಿವಮೊಗ್ಗಕ್ಕೆ ಬಂದಾಗ ಒಂದೆರಡು ಮೀಟರ್ ಪೈಪು ತನ್ನಿ. ಅಂಗಡಿಯಲ್ಲಿ ವ್ಯಾಕ್ಯೂಮ್ ಪೈಪೇ ಬೇಕು ಅಂತ ಕೇಳಿ. ತೆಳು ಪೈಪು ಹಾಕಿದರೆ ಇಂಜಿನ್ ಎಳೆದ ಕೂಡಲೇ ಒಳಗೇ ಚಪ್ಪಟೆಯಾಗುತ್ತದೆ. ನಮಸ್ಕಾರ.