ಕೊಸೀಹೊ: ಸಿಡಿಲು, ದೇವರು, 65 ದಿನ, ಎಲ್ಲಕ್ಕೂ ಒಂದೇ ಪದ

[ಪರದೆಯಲ್ಲಿ: ಮಣ್ಣಿನ ಮೂರ್ತಿ]

ನಮಸ್ಕಾರ. ಈ ಮುಖ ನೋಡಿ. ನಾಲಿಗೆ ಹಾವಿನದ್ದರ ಹಾಗೆ ಸೀಳಿದೆ. ಇವನು ಕೊಸೀಹೊ, ಮೆಕ್ಸಿಕೊ ದೇಶದ ಒಹಾಕಾ ಕಣಿವೆಯ ಜಪೊಟೆಕ್ ಜನರ ಮಳೆ ದೇವರು. ಅವನ ಹೆಸರಿಗೆ ಅರ್ಥ ಏನು? ಊರುಗಳ ಹೆಸರಲ್ಲೂ ದೇವರು ಸಿಗುತ್ತಾನಾ?

ಅರ್ಥ ಸಿಡಿಲು. 1578ರಲ್ಲಿ ಹುವಾನ್ ದೆ ಕೊರ್ದೊವಾ ಎಂಬ ಸ್ಪೇನಿನ ಪಾದ್ರಿ ಜಪೊಟೆಕ್ ಭಾಷೆಯ ನಿಘಂಟು, ವ್ಯಾಕರಣ ಎರಡನ್ನೂ ಅಚ್ಚು ಹಾಕಿಸಿದ. ನಮಗೆ ದಾರಿ ತೋರಿಸುವುದು ಅವೇ.

ನನಗೆ ತುಂಬಾ ಇಷ್ಟವಾದ ವಿಷಯ ಈಗ ಬರುತ್ತದೆ. ಜಪೊಟೆಕ್ ಜನರಿಗೆ 260 ದಿನಗಳ ಒಂದು ಪಂಚಾಂಗ ಇತ್ತು, ಹೆಸರು ಪಿಯೆ. ಅದನ್ನು 65 ದಿನಗಳ ನಾಲ್ಕು ಪಾಲು ಮಾಡುತ್ತಿದ್ದರು. ಆ ಪಾಲಿನ ಹೆಸರೂ ಕೊಸೀಹೊ! ಒಂದೊಂದು ಪಾಲಿನಲ್ಲಿ 13 ದಿನಗಳ ಐದು ತುಂಡು. ನಮ್ಮ ರೈತರು "ಆರಿದ್ರಾ ಮಳೆ" ಅನ್ನುತ್ತಾರಲ್ವಾ? ಅಲ್ಲಿ ನಕ್ಷತ್ರ, ಮಳೆ, ಹದಿಮೂರು ಹದಿನಾಲ್ಕು ದಿನಗಳ ಅವಧಿ ಮೂರೂ ಒಂದೇ ಮಾತಿನಲ್ಲಿ ಬರುತ್ತವೆ. ಎರಡಕ್ಕೂ ನಂಟೇನೂ ಇಲ್ಲ. ಆದರೂ ಮಳೆಯನ್ನೇ ನಂಬಿ ಬಿತ್ತುವವರಿಗೆ ದಿನ ಎಣಿಸುವುದೂ ಮೋಡ ನೋಡುವುದೂ ಬೇರೆಬೇರೆ ಕೆಲಸ ಅಲ್ಲ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಪದ ಪೆ. ಉಸಿರು, ಗಾಳಿ, ಜೀವ ಎಲ್ಲವೂ ಅದೇ. ತಾನಾಗಿ ಚಲಿಸುವುದಕ್ಕೆಲ್ಲ ಪೆ ಇದೆ, ಅಂದರೆ ಅದಕ್ಕೆ ಜೀವ ಇದೆ. ಸಿಡಿಲಿಗೂ ಇದೆ. "ಪಿತಾವೊ" ಅಂದರೆ ದೊಡ್ಡ ಉಸಿರು. ದೇವರನ್ನು ಕರೆಯುತ್ತಿದ್ದದ್ದು ಹೀಗೆ.

[ಪರದೆಯಲ್ಲಿ: ನಕ್ಷೆ]

ಸಮಯ ಕಡಿಮೆ ಇದೆ, ಊರಿಗೆ ಬರೋಣ. ನಕ್ಷೆಯಲ್ಲಿ ಕಾಣುವ ಮಿತ್ಲಾ ಜಪೊಟೆಕ್ ಪದವೇ ಅಲ್ಲ. ಅಜ್ಟೆಕರ ನಾವಾತ್ಲ್ ಭಾಷೆಯ ಮಿಕ್ತ್ಲಾನ್, ಅಂದರೆ ಸತ್ತವರ ಜಾಗ. ಜಪೊಟೆಕ್ ಹೆಸರು ಲ್ಯೊಬಾ, ಹೂಳುವ ಜಾಗ. ಅಲ್ಲಿ ಪೂಜೆ ಪಡೆದವನು ಪಾತಾಳದ ಒಡೆಯ ಬೆಸೆಲಾವೊ. ಅವನ ಹೆಸರು ಊರಿನ ಹೆಸರಲ್ಲಿ ಇಲ್ಲ, ಅವನ ಕೆಲಸ ಇದೆ.

ಸಿಡಿಲಿನ ಹೆಸರು ಮಾತ್ರ ರಾಜರ ಮನೆಗೆ ಹೋಯಿತು. ಸ್ಪೇನಿನವರು ಬಂದಾಗ ಜಾಚಿಲಾದ ದೊರೆ ಕೊಸಿಹೊಯೆಸಾ. ಅವನ ಮಗ, ತೆವಾಂಟೆಪೆಕ್‌ನ ದೊರೆ, ಕೊಸಿಹೊಪಿ. ಇದರಲ್ಲಿ ಸಿಡಿಲೂ ಇದೆ, ಗಾಳಿಯೂ ಇದೆ. ಕ್ರೈಸ್ತ ದೀಕ್ಷೆ ಕೊಟ್ಟಾಗ ಅವನನ್ನು ಹುವಾನ್ ಕೊರ್ಟೆಸ್ ಮಾಡಿದರು. ಆಮೇಲೂ ಅವನು ಮನೆಯೊಳಗೆ ಗುಟ್ಟಾಗಿ ಹಳೆಯ ಪೂಜೆ ನಡೆಸಿ ಸಿಕ್ಕಿಬಿದ್ದ ಅಂತ 17ನೇ ಶತಮಾನದ ಪಾದ್ರಿ ಬುರ್ಗೊವಾ ಬರೆದಿದ್ದಾನೆ.