ಗಾಳಿಪಟಕ್ಕೆ ಕಟ್ಟಿದ ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಫ್ರಾನ್ಸಿನ ತಾರ್ನ್ ಸೀಮೆಯಲ್ಲಿ, ಕಪ್ಪುಬೆಟ್ಟವೆಂದು ಅಲ್ಲಿನವರು ಕರೆಯುವ ಗಿರಿಸಾಲಿನ ಬುಡದಲ್ಲಿ, ಲಾಬ್ರುಗಿಯೇರ್ ಎಂಬ ಸಣ್ಣ ಪಟ್ಟಣವಿದೆ. 1888ರಲ್ಲಿ ಈ ಊರಿನ ಆರ್ಥರ್ ಬಾತ್ಯೂ ಎಂಬ ಹವ್ಯಾಸಿ ಛಾಯಾಗ್ರಾಹಕರು ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಹಾರಿಸಿ, ನೆಲದ ಚಿತ್ರವನ್ನು ಆಕಾಶದಿಂದ ತೆಗೆದರು. ಆಕಾಶದಿಂದ ಚಿತ್ರ ತೆಗೆದವರಲ್ಲಿ ಇವರು ಮೊದಲಿಗರಲ್ಲ. ಆದರೆ ಅದುವರೆಗೆ ಸಾಮಾನ್ಯವಾಗಿ ಕ್ಯಾಮೆರಾ ಮೇಲೇರಬೇಕಾದರೆ ಅದರ ಹಿಂದೆ ಮನುಷ್ಯನೂ ಏರಬೇಕಾಗಿತ್ತು. ಬಾತ್ಯೂ ಅವರು ತಾವು ನೆಲದ ಮೇಲೆ ನಿಂತು ಕ್ಯಾಮೆರಾ ಒಂದನ್ನೇ ಮೇಲಕ್ಕೆ ಕಳಿಸಿದರು.

ಮನುಷ್ಯನೂ ಏರಬೇಕಾಗಿತ್ತು ಎಂದರೆ ಅದೆಷ್ಟು ದೊಡ್ಡ ಕಷ್ಟ ಎಂಬುದನ್ನು ಇಂದು ಊಹಿಸುವುದು ಸುಲಭವಲ್ಲ. ಪ್ಯಾರಿಸ್ಸಿನ ಹೆಸರಾಂತ ಛಾಯಾಗ್ರಾಹಕ ನಾದಾರ್ 1858ರಲ್ಲಿ ಬಲೂನಿನಲ್ಲಿ ಹೋಗಿ ಪ್ರಯತ್ನಿಸಿದಾಗ ಬಳಕೆಯಲ್ಲಿದ್ದುದು ಕೊಲೋಡಿಯನ್ ಎಂಬ ಅಂಟು ದ್ರಾವಣವನ್ನು ಲೇಪಿಸಿದ ಹಸಿ ಗಾಜಿನ ಫಲಕ. ಆ ಫಲಕವನ್ನು ಕತ್ತಲಲ್ಲಿ ಸಿದ್ಧಪಡಿಸಿ, ಲೇಪ ಒಣಗುವುದರೊಳಗೆ ಚಿತ್ರ ತೆಗೆದು, ಕೂಡಲೇ ಸಂಸ್ಕರಿಸಬೇಕಾಗಿತ್ತು. ಆದ್ದರಿಂದ ಬಲೂನಿನ ಬುಟ್ಟಿಯೇ ಕತ್ತಲಕೋಣೆಯೂ ಆಗಬೇಕಾಯಿತು. ಸಾಲದೆಂಬಂತೆ ಬಲೂನಿನಿಂದ ಸೋರುತ್ತಿದ್ದ ಅನಿಲ ತಾಗಿ ಅವರ ಫಲಕಗಳು ಮತ್ತೆ ಮತ್ತೆ ಕಪ್ಪಾದವು. ಕೊನೆಗೆ ಅನಿಲದ ಬಾಯಿಯನ್ನು ಮುಚ್ಚಿ ಏರಿದ ಮೇಲೆಯೇ ಅವರಿಗೆ ಮಸುಕಾದ ಒಂದು ಚಿತ್ರ ದಕ್ಕಿತು. ಅದೂ ಇಂದು ಉಳಿದಿಲ್ಲ. ಈಗ ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು 1860ರ ಅಕ್ಟೋಬರಿನಲ್ಲಿ ಅಮೆರಿಕದ ಜೇಮ್ಸ್ ವಾಲೇಸ್ ಬ್ಲ್ಯಾಕ್ ಬಲೂನಿನಿಂದ ತೆಗೆದ ಬಾಸ್ಟನ್ ನಗರದ ಚಿತ್ರ.

1880ರ ದಶಕದ ಹೊತ್ತಿಗೆ ಜೆಲಟಿನ್ ಲೇಪದ ಒಣ ಫಲಕಗಳು ಎಲ್ಲೆಡೆ ಸಿಗತೊಡಗಿದ್ದವು. ಇವನ್ನು ಮೊದಲೇ ಸಿದ್ಧಪಡಿಸಿ ಇಟ್ಟುಕೊಂಡು, ಚಿತ್ರ ತೆಗೆದಾದ ಮೇಲೆ ಬಿಡುವಾಗಿ ಸಂಸ್ಕರಿಸಬಹುದಿತ್ತು. ಬೆಳಕಿಗೂ ಇವು ಬಹಳ ಚುರುಕು. ವೇಗದ ಷಟರ್ ಇದ್ದರೆ ಅಲುಗಾಡುವ ಕ್ಯಾಮೆರಾದಿಂದಲೂ ತಕ್ಕಮಟ್ಟಿಗೆ ಸ್ಪಷ್ಟವಾದ ಚಿತ್ರ ಪಡೆಯಬಹುದು ಎಂದಾದ ಮೇಲೆ, ಕ್ಯಾಮೆರಾದ ಪಕ್ಕದಲ್ಲಿ ಮನುಷ್ಯನ ಅಗತ್ಯವೇನು ಎಂಬ ಪ್ರಶ್ನೆ ಏಳಲೇಬೇಕಾಗಿತ್ತು. ಅದಕ್ಕೆ ಗಾಳಿಪಟದ ಉತ್ತರ ಸಿಕ್ಕಿದ್ದು ಪ್ಯಾರಿಸ್ಸಿನಲ್ಲಲ್ಲ, ಅನಿಲವನ್ನೂ ಬಲೂನನ್ನೂ ಒದಗಿಸಿಕೊಳ್ಳುವುದು ಕಷ್ಟವಾದ ಹಳ್ಳಿಗಾಡಿನಲ್ಲಿ ಎಂಬುದು ನನಗೆ ಸಹಜವಾಗಿಯೇ ಕಾಣುತ್ತದೆ.

ಬಾತ್ಯೂ ಅವರು 1846ರಲ್ಲಿ ಹತ್ತಿರದ ಕಾಸ್ತ್ರ್ ಪಟ್ಟಣದಲ್ಲಿ ಹುಟ್ಟಿದವರು. ಅವರ ಗಾಳಿಪಟದ ರಚನೆ ನಮ್ಮಲ್ಲಿ ಆಷಾಢದ ಗಾಳಿಗೆ ಪಟ ಹಾರಿಸಿದ ಯಾರಿಗಾದರೂ ಅರ್ಥವಾಗುವಂಥದು: ಕಡ್ಡಿಗಳ ಚೌಕಟ್ಟು, ಅದರ ಮೇಲೆ ಕಾಗದ, ಹಿಂದೆ ಉದ್ದನೆಯ ಬಾಲಂಗೋಚಿ. ಗಾತ್ರ ಮಾತ್ರ ಆಳೆತ್ತರವನ್ನು ಮೀರಿದ್ದು. ಕ್ಯಾಮೆರಾವನ್ನು ದಾರದಿಂದ ಜೋತುಬಿಟ್ಟರೆ ಅದು ತೂಗಾಡುತ್ತದೆ ಎಂದು ಅವರು ಅದನ್ನು ಪಟದ ನಡುಗಡ್ಡಿಗೇ ಬಿಗಿದರು.

ನಿಜವಾದ ಜಾಣ್ಮೆ ಇರುವುದು ಇದರ ಮುಂದಿನ ಹಂತದಲ್ಲಿ. ಮೇಲೆ ಹೋದ ಕ್ಯಾಮೆರಾದ ಷಟರನ್ನು ಒತ್ತುವವರು ಯಾರು? ಬಾತ್ಯೂ ಅದಕ್ಕೆ ನಿಧಾನವಾಗಿ ಉರಿಯುವ ಬತ್ತಿಯೊಂದನ್ನು ಜೋಡಿಸಿ, ಪಟ ಬಿಡುವ ಮುನ್ನ ಅದಕ್ಕೆ ಕಿಡಿ ತಾಗಿಸುತ್ತಿದ್ದರು. ಪಟ ಏರಿ ಗಾಳಿಯಲ್ಲಿ ನೆಲೆಗೊಳ್ಳುವ ಹೊತ್ತಿಗೆ ಬತ್ತಿ ಉರಿದು, ಷಟರನ್ನು ಹಿಡಿದಿದ್ದ ದಾರವನ್ನು ಸುಡುತ್ತಿತ್ತು. ಷಟರ್ ಥಟ್ಟನೆ ತೆರೆದು ಮುಚ್ಚಿಕೊಳ್ಳುತ್ತಿತ್ತು. ಅದೇ ಗಳಿಗೆಯಲ್ಲಿ ಕಾಗದದ ಪಟ್ಟಿಯೊಂದು ಬಿಚ್ಚಿ ಬೀಳುವಂತೆಯೂ ಮಾಡಿದ್ದರು. ಕೆಳಗೆ ಹುರಿ ಹಿಡಿದು ನಿಂತವರು ಆ ಕಾಗದವನ್ನು ಕಂಡರೆ ಸಾಕು, ಚಿತ್ರ ಆಯಿತೆಂದು ಪಟವನ್ನು ಇಳಿಸಬಹುದು. ಇದರ ಜೊತೆಗೆ, ಷಟರ್ ತೆರೆದಾಗ ಪಟ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ದಾಖಲಿಸುವ ಪುಟ್ಟ ವಾಯುಭಾರಮಾಪಕವನ್ನೂ ಕೂಡಿಸಿದ್ದರು. ಎತ್ತರವೂ ಮಸೂರದ ನಾಭಿದೂರವೂ ತಿಳಿದರೆ ಚಿತ್ರದ ಅಳತೆಗೋಲನ್ನು ಲೆಕ್ಕಹಾಕಬಹುದು. ಚಿತ್ರವನ್ನು ನಕ್ಷೆಯಂತೆ ಬಳಸಬಹುದು. ಊರವರಿಗೆ ಆಟವೆಂದು ಕಂಡಿರಬಹುದಾದ ಕೆಲಸದಲ್ಲಿ ಈ ಮಟ್ಟದ ಶಿಸ್ತು ಇತ್ತು.

ಬಾತ್ಯೂ ಅವರ ಇನ್ನೊಂದು ಪ್ರಯೋಗವನ್ನು ಇಲ್ಲಿ ಹೇಳದೆ ಬಿಡಲು ಮನಸ್ಸಾಗುವುದಿಲ್ಲ. ಗಾಳಿಪಟದ ಕೆಲಸಕ್ಕೆ ಸ್ವಲ್ಪ ಮುಂಚೆ ಅವರು ತಮ್ಮೂರಿನ ಹಲವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಕೂರಿಸಿ, ಒಂದೇ ಫಲಕದ ಮೇಲೆ ಪ್ರತಿಯೊಬ್ಬರಿಗೂ ಬೆಳಕಿನ ಅವಧಿಯ ಒಂದು ಸಣ್ಣ ಪಾಲನ್ನು ಮಾತ್ರ ಕೊಟ್ಟು, ಎಲ್ಲರ ಮುಖಗಳೂ ಕೂಡಿದ ಒಂದು ಮುಖವನ್ನು ಪಡೆದಿದ್ದರು. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತೋರಿಸಿದ್ದ ವಿಧಾನ ಅದು. ಜನರನ್ನು ಮಾದರಿಗಳಾಗಿ ವಿಂಗಡಿಸುವ ಅದರ ಹಿಂದಿನ ವಿಚಾರವನ್ನು ಇಂದು ನಾವು ಒಪ್ಪಲಾರೆವು. ಆದರೂ ಯಾರ ಕಣ್ಣಿಗೂ ಬೀಳದ ಮುಖವನ್ನು ಫಲಕದ ಮೇಲೆ ಮೂಡಿಸಿದ ವ್ಯಕ್ತಿಯೇ ತಾನು ಏರದ ಎತ್ತರದ ನೋಟವನ್ನೂ ಅರಸಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

1890ರಲ್ಲಿ ಬಾತ್ಯೂ ತಮ್ಮ ವಿಧಾನವನ್ನೆಲ್ಲ ವಿವರಿಸಿ ಪುಸ್ತಕವೊಂದನ್ನು ಪ್ರಕಟಿಸಿದರು. ಗುಟ್ಟು ಮಾಡದೆ ಬರೆದದ್ದರಿಂದ ಇತರರು ಅದನ್ನು ಬೆಳೆಸಿದರು. ರೀಮ್ಸ್ ನಗರದ ಎಮಿಲ್ ವೆಂಜ್ ಕ್ಯಾಮೆರಾವನ್ನು ಪಟದಿಂದ ಬಿಡಿಸಿ, ಪಟದ ಕೆಳಗೆ ಹುರಿಗೆ ಕಟ್ಟುವ ಕ್ರಮವನ್ನು ರೂಢಿಗೆ ತಂದರು. ಮುಂದಿನವರು ಹೆಚ್ಚಾಗಿ ಹಿಡಿದದ್ದು ಈ ದಾರಿಯನ್ನೇ. 1906ರಲ್ಲಿ ಭೂಕಂಪಕ್ಕೂ ಬೆಂಕಿಗೂ ತುತ್ತಾದ ಸ್ಯಾನ್ ಫ್ರಾನ್ಸಿಸ್ಕೊ ನಗರದ ವಿಶಾಲ ದೃಶ್ಯವನ್ನು ಷಿಕಾಗೋದ ಜಾರ್ಜ್ ಲಾರೆನ್ಸ್ ಸೆರೆಹಿಡಿದದ್ದು ಒಂದರ ಹಿಂದೊಂದು ಕಟ್ಟಿದ ಗಾಳಿಪಟಗಳ ಸರಣಿಯಿಂದ. ಅವರ ಕ್ಯಾಮೆರಾ ಇಪ್ಪತ್ತು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತಿತ್ತು. ಬತ್ತಿಯ ಜಾಗಕ್ಕೆ ಅಷ್ಟರಲ್ಲಿ ವಿದ್ಯುತ್ ತಂತಿ ಬಂದಿತ್ತು.

ಬಾತ್ಯೂ 1918ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಮಹಾಯುದ್ಧದ ವಿಮಾನಗಳು ಶತ್ರುಗಳ ಕಂದಕಗಳ ಚಿತ್ರಗಳನ್ನು ರಾಶಿರಾಶಿಯಾಗಿ ತೆಗೆಯುತ್ತಿದ್ದವು. ಗಾಳಿಪಟದ ವಿಧಾನವೇನೂ ಅಲ್ಲಿಗೆ ಮುಗಿಯಲಿಲ್ಲ. ಉತ್ಖನನದ ನೆಲವನ್ನು ಕಡಿಮೆ ಖರ್ಚಿನಲ್ಲಿ ಮೇಲಿನಿಂದ ನೋಡಬೇಕೆನ್ನುವ ಪುರಾತತ್ತ್ವಜ್ಞರು ಅದನ್ನು ನಂತರವೂ ಬಳಸಿದ್ದಾರೆ. ಲಾಬ್ರುಗಿಯೇರಿನಲ್ಲಿ ಈಗ ಬಾತ್ಯೂ ಅವರ ಹೆಸರಿನ ಛಾಯಾಚಿತ್ರ ಸಂಗ್ರಹಾಲಯವಿದ್ದು, ಅವರ ಕೆಲಸವನ್ನು ಅಲ್ಲಿ ನೋಡಬಹುದು.

ನಮಸ್ಕಾರ.